ಮಲೆನಾಡಿನ ಹಳ್ಳಿಯಲ್ಲಿ ಮಕ್ಕಳ, ಯುವಕರ ಕೃಷಿ ಕೂಟ: ಮಳೆಗೆ ಮುಂಚೆ ಏನು ಮಾಡಬಹುದು, ಯಾವ ಕಚೇರಿಗೆ ಹೋಗಬೇಕು?

ಸೊಪ್ಪಿನಬೆಟ್ಟ (ಹೊಸನಗರ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರ ಯುವಕ ಸಂಘದ ಕಡೆಯಿಂದ ಈ ವರ್ಷ ಒಂದು ಕೃಷಿ ಕೂಟ ಶುರು ಮಾಡುವುದೆಂದು ತೀರ್ಮಾನವಾಗಿದೆ. 26 ಜನ ಹೆಸರು ಕೊಟ್ಟಿದ್ದಾರೆ. 17 ಮಂದಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳು, 9 ಮಂದಿ 18 ದಾಟಿದವರು. ಹೈಸ್ಕೂಲಿನ ಪಕ್ಕದಲ್ಲಿ 20 ಗುಂಟೆ ಜಾಗವನ್ನು ಸದಸ್ಯರೊಬ್ಬರ ಮನೆಯವರು ಮೂರು ವರ್ಷಕ್ಕೆ ಬಿಟ್ಟುಕೊಡುತ್ತಿದ್ದಾರೆ. ಕೆಳಗಿನ 8 ಗುಂಟೆ ಗದ್ದೆ, ಮೇಲಿನದು ಹಕ್ಕಲು (ಒಣಭೂಮಿ). ಸುತ್ತಲೂ ಅಡಿಕೆ ತೋಟ, ಕಾಳುಮೆಣಸು, ಅಲ್ಲಲ್ಲಿ ಭತ್ತ. ಸಂಘದಲ್ಲಿ 15,000 ರೂಪಾಯಿ ಇದೆ.

ನಮ್ಮ ಯೋಚನೆ ಹೀಗಿದೆ: ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ತರಕಾರಿ ತೋಟ, ಎರಡು ಜೇನುಪೆಟ್ಟಿಗೆ, ಮಕ್ಕಳಿಗೆ ಬೋರ್ಡೋ ದ್ರಾವಣ (ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ) ಮಾಡುವ ತರಬೇತಿ, ಇಲಾಖೆಯವರಿಂದ ಒಂದು ದಿನದ ಕಾರ್ಯಕ್ರಮ. ಈಗ ಏಪ್ರಿಲ್ ಮೊದಲ ವಾರ. ಇದರಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ? ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ, ಕೆವಿಕೆ (ಕೃಷಿ ವಿಜ್ಞಾನ ಕೇಂದ್ರ) ಇವರಲ್ಲಿ ಯಾರ ಹತ್ತಿರ ಏನು ಕೇಳಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ತುಂಗಾದಡ ಉತ್ತರಿಸಿದ್ದು:

ಸಂಘಕ್ಕೆ ಅಭಿನಂದನೆ. ಮೊದಲು ಕಚೇರಿಗಳ ವಿಷಯ ಹೇಳುತ್ತೇನೆ, ಯಾಕೆಂದರೆ ಮಲೆನಾಡಿನಲ್ಲಿ ಜನರ ಓಡಾಟ ಹೆಚ್ಚು ವ್ಯರ್ಥವಾಗುವುದು ಇಲ್ಲೇ.

ಹೋಬಳಿಯ ರೈತ ಸಂಪರ್ಕ ಕೇಂದ್ರ ಕೃಷಿ ಇಲಾಖೆಯದು. ಭತ್ತದ ಬೀಜ, ಕೃಷಿ ಸುಣ್ಣ, ಜಿಂಕ್, ಬೋರಾನ್‌ನಂಥ ಲಘು ಪೋಷಕಾಂಶ, ಭತ್ತದ ಪ್ರಾತ್ಯಕ್ಷಿಕೆ ಇವಕ್ಕೆ ಅಲ್ಲಿಗೆ ಹೋಗಬೇಕು. ಅಡಿಕೆ, ಮೆಣಸು, ತರಕಾರಿ, ಜೇನು ಇವೆಲ್ಲ ತೋಟಗಾರಿಕೆ ಇಲಾಖೆಯವು. ಅದರ ಕಚೇರಿ ತಾಲೂಕು ಕೇಂದ್ರದಲ್ಲಿದೆ. ಅಡಿಕೆಯ ಎಲೆಚುಕ್ಕೆ ರೋಗದ ಸೋಗೆ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಅವರು ಇನ್ನೊಂದು ಕಚೇರಿಯ ದಾರಿ ತೋರಿಸುತ್ತಾರೆ, ಅದು ಅವರ ತಪ್ಪಲ್ಲ. ಕೃಷಿ ವಿಜ್ಞಾನ ಕೇಂದ್ರ ಶಿವಮೊಗ್ಗದ ನವುಲೆಯಲ್ಲಿದೆ, ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ. ಕೆವಿಕೆ ಸಬ್ಸಿಡಿ ಹಂಚುವ ಕಚೇರಿಯಲ್ಲ. ತರಬೇತಿ, ರೈತರ ಜಮೀನಿನಲ್ಲೇ ಪ್ರಯೋಗ, ಹೊಸ ತಳಿಯ ಪ್ರಾತ್ಯಕ್ಷಿಕೆ, ಮಣ್ಣು ಪರೀಕ್ಷೆ ಅವರ ಕೆಲಸ. ಸಬ್ಸಿಡಿ ಕೇಳಲು ಕೆವಿಕೆಗೆ, ರೋಗ ಗುರುತಿಸಲು ಹೋಬಳಿ ಕೇಂದ್ರಕ್ಕೆ ಹೋದರೆ ಎರಡೂ ಕಡೆ ಬರಿಗೈ.

ಎರಡನೆಯದು ವಯಸ್ಸು. ಇಲಾಖೆಯ ಯುವಜನ ಕಾರ್ಯಕ್ರಮ ಎಂದರೆ ಸಾಮಾನ್ಯವಾಗಿ 18 ದಾಟಿದವರಿಗೆ. ಗ್ರಾಮೀಣ ಯುವಕರಿಗೆ ಏಳು ದಿನಗಳ ಕೌಶಲ ತರಬೇತಿ ಇದೆ. ಅದಕ್ಕೆ ನಿಮ್ಮ 9 ಜನರ ಹೆಸರು ಕೊಡಬಹುದು, 17 ಮಕ್ಕಳದು ಕೊಡಲಾಗದು. ಹಾಗಾಗಿ ಪತ್ರ ಎರಡು ಬರೆಯಿರಿ. ದೊಡ್ಡವರ ತರಬೇತಿಗೆ ಒಂದು. ಮಕ್ಕಳ ಅರ್ಧ ದಿನದ ಕಾರ್ಯಕ್ರಮಕ್ಕೆ ಮುಖ್ಯ ಶಿಕ್ಷಕರ ಸಹಿ ಇರುವ ಇನ್ನೊಂದು. ಒಂದೇ ಪತ್ರದಲ್ಲಿ ಎರಡನ್ನೂ ಕಲಸಿದರೆ ಯಾವ ತಲೆಬರಹದ ಕೆಳಗೆ ಹಾಕಬೇಕೆಂದು ತಿಳಿಯದೆ ಅದು ಫೈಲಿನಲ್ಲೇ ಕೂರುತ್ತದೆ.

ಪತ್ರದಲ್ಲಿ "ಕೃಷಿ ಬಗ್ಗೆ ಮಾಹಿತಿ ಕೊಡಿ" ಎಂದು ಬರೆಯಬೇಡಿ. ಹಾಗೆ ಬರೆದರೆ ಯೋಜನೆಗಳ ಪಟ್ಟಿ ಓದುವ ಒಂದು ಭಾಷಣ ಸಿಗುತ್ತದೆ. "ನಮ್ಮ 12 ತೋಟಗಳ ಮಣ್ಣಿನ ಫಲಿತಾಂಶ ಬಂದಿದೆ. ಅದನ್ನು ಓದಿ ಗೊಬ್ಬರದ ಲೆಕ್ಕ ಹಾಕುವುದನ್ನು ಎರಡು ಗಂಟೆ ಕಲಿಸಿಕೊಡಬೇಕು. 26 ಜನ, ಇಂಥ ಜಾಗ, ಈ ಮೂರು ದಿನಾಂಕಗಳಲ್ಲಿ ಯಾವುದಾದರೂ ಆಗಬಹುದು" ಎಂದು ಬರೆಯಿರಿ. ವಿಷಯ ಕಿರಿದಾದಷ್ಟೂ ಅದನ್ನು ಬಲ್ಲ ವಿಜ್ಞಾನಿಯೇ ಬರುವ ಸಾಧ್ಯತೆ ಹೆಚ್ಚು. ಮುಂಗಾರಿನ ಬಿತ್ತನೆ ಬೀಜ ವಿತರಣೆ, ಬೆಳೆ ವಿಮೆ ಕೊನೆಯ ದಿನಾಂಕದ ಹೊತ್ತಿನಲ್ಲಿ ಕರೆಯಬೇಡಿ. ಕೃಷಿ ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ನಿಮ್ಮೂರನ್ನೂ ಪರಿಗಣಿಸಿ ಎಂದು ಕಾಲೇಜಿನ ಡೀನ್ ಅವರಿಗೆ ಒಂದು ಪತ್ರ ಹಾಕಿ. ಮಕ್ಕಳ ಜೊತೆ ಕೂತು ಕೆಲಸ ಮಾಡುವ ಉತ್ಸಾಹ ಅವರಲ್ಲಿ ಇರುತ್ತದೆ.

ಜಾಗದ ಬಗ್ಗೆ: ಮೂರು ವರ್ಷದ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ, ಪಹಣಿಯ ಪ್ರತಿ ಇಟ್ಟುಕೊಳ್ಳಿ. ಸಹಾಯಧನದ ಯಾವ ಸಾಮಗ್ರಿಯಾದರೂ ಜಮೀನಿನವರ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಮೇಲೆಯೇ ಬರುತ್ತದೆ, ಸಂಘದ ಹೆಸರಿಗೆ ಬರುವುದಿಲ್ಲ. ಇದನ್ನು ಅವರಿಗೆ ಈಗಲೇ ಹೇಳಿಬಿಡಿ.

ಕೊನೆಯದಾಗಿ, ಜೂನ್‌ನ ತರಕಾರಿ ತೋಟ ಬಿಡಿ. ನಿಮ್ಮ ಕಡೆಯ ಮಳೆಗೆ ಕೊತ್ತಂಬರಿ, ಹರಿವೆ, ಟೊಮೆಟೊ ಕೊಳೆತು ಹೋಗುತ್ತವೆ. ಮಕ್ಕಳು ಮೊದಲ ತಿಂಗಳಲ್ಲೇ ಸೋತರೆ ಎರಡನೇ ತಿಂಗಳು ಬರುವುದಿಲ್ಲ. ತರಕಾರಿ ಅಕ್ಟೋಬರ್ ಕೊನೆಗೆ ಇಡಿ. ಮಳೆಗಾಲಕ್ಕೆ ಏರುಮಡಿಯಲ್ಲಿ ಮಳೆಗಾಲದ ಸೌತೆ, ಬೆಂಡೆ, ಹೀರೆ, ಬದುವಿನಲ್ಲಿ ಕೆಸು, ಸುವರ್ಣಗೆಡ್ಡೆ ಸಾಕು.

ಕೆಮ್ಮಣ್ಣು ಉತ್ತರಿಸಿದ್ದು:

ತುಂಗಾದಡ ಅವರು ಹೇಳಿದ "12 ತೋಟಗಳ ಮಣ್ಣಿನ ಫಲಿತಾಂಶ" ಕೈಯಲ್ಲಿರಬೇಕಾದರೆ ನೀವು ಈ ತಿಂಗಳೇ ಕೆಲಸಕ್ಕೆ ಇಳಿಯಬೇಕು. ಶಾಲೆಯ ವರ್ಷ ಮಳೆಯ ಜೊತೆ ಶುರುವಾಗುತ್ತದೆ, ಮಣ್ಣು ತೆಗೆಯುವ ಕಾಲ ಮಳೆಗೆ ಮುಂಚೆ, ಮೊದಲ ಕಂತಿನ ಗೊಬ್ಬರ ಹಾಕುವುದಕ್ಕೂ ಮುಂಚೆ. ಅಂದರೆ ಬೇಸಿಗೆ ರಜೆಯೇ ಸರಿಯಾದ ಹೊತ್ತು. ಜೂನ್‌ಗೆ ಕಾದರೆ ಒಂದು ವರ್ಷ ಹೋಯಿತು.

ಗುಂಪಿಗೆ ಇಬ್ಬರು ಮಕ್ಕಳು, ಒಬ್ಬ ದೊಡ್ಡವರು. ಗದ್ದೆಯಾದರೆ ಎಕರೆಗೆ 8ರಿಂದ 10 ಕಡೆ, ಅಂಕುಡೊಂಕಾಗಿ ನಡೆಯುತ್ತಾ ಜಾಗ ಗುರುತಿಸಿ. ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದಂಗುಲ ದಪ್ಪದ ಹೋಳು ಕೆತ್ತಿ. ಅಡಿಕೆ ತೋಟದಲ್ಲಿ ಬೇರು ಕೆಳಗಿರುವುದರಿಂದ 30 ಸೆಂ.ಮೀ.ವರೆಗೆ ಹೋಗಿ, ಗೊಬ್ಬರ ಹಾಕುವ ಬುಡದ ವೃತ್ತದಿಂದಲೇ ತೆಗೆಯಿರಿ. ಬದು, ಕಾಲುದಾರಿ, ಗೊಬ್ಬರಗುಂಡಿಯ ಪಕ್ಕ, ದರಗು (ಒಣಎಲೆ) ಸುಟ್ಟ ಜಾಗ ಬೇಡ. ಬೂದಿ ಬಿದ್ದ ಕಡೆಯ ಒಂದು ಹಿಡಿ ಮಣ್ಣು ಇಡೀ ಮಾದರಿಯ ರಸಸಾರವನ್ನು (ಪಿಎಚ್), ಪೊಟ್ಯಾಷನ್ನು ಸುಳ್ಳು ಮಾಡುತ್ತದೆ.

ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸೇರಿಸಿ, ಬೇರು ಕಲ್ಲು ಆರಿಸಿ, ಹಾಳೆಯ ಮೇಲೆ ಹರಡಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಬಿಸಾಕಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ನಾಲ್ಕು ಭಾಗ. ಅರ್ಧ ಕೆಜಿ ಉಳಿಯುವ ತನಕ ಹೀಗೇ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಮನೆಯಲ್ಲಿ ಬಿದ್ದಿರುವ ಯೂರಿಯಾ ಚೀಲದಲ್ಲಿ ಮಣ್ಣು ತುಂಬುತ್ತಾರೆ. ಹೊಸ ಪ್ಲಾಸ್ಟಿಕ್ ಕೊಟ್ಟೆ ಅಥವಾ ಬಟ್ಟೆ ಚೀಲವೇ ಬೇಕು. ಚೀಟಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ. ಹೆಸರು, ಸರ್ವೆ ನಂಬರ್, ಬೆಳೆ, ಗಿಡದ ವಯಸ್ಸು, ಕಳೆದ ವರ್ಷ ಹಾಕಿದ ಗೊಬ್ಬರ, ಸುಣ್ಣ ಹಾಕಿದ ತಿಂಗಳು ಅದರಲ್ಲಿರಲಿ.

ಫಲಿತಾಂಶ ಬಂದಾಗ ಮಕ್ಕಳು ಮೊದಲು ನೋಡಬೇಕಾದದ್ದು ರಸಸಾರ. ಈ ಮಳೆಯಲ್ಲಿ ಸುಣ್ಣದಂಶ ತೊಳೆದು ಹೋಗಿ ನಮ್ಮ ಮಣ್ಣು ಹುಳಿಯಾಗಿರುತ್ತದೆ. 5.5ಕ್ಕಿಂತ ಕೆಳಗಿದ್ದರೆ ಅಡಿಕೆ ಗಿಡಕ್ಕೆ ಸುಮಾರು ಅರ್ಧ ಕೆಜಿ ಕೃಷಿ ಸುಣ್ಣ ಅಥವಾ ಡಾಲಮೈಟ್ ಕೊಡುವ ಮಾತು ಬರುತ್ತದೆ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ.

ಆಮೇಲೆ ಲೆಕ್ಕ. ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆಜಿ ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಎನ್ನುವುದು ಸಾಮಾನ್ಯ ಶಿಫಾರಸು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಆದ್ದರಿಂದ 100ನ್ನು 0.46ರಿಂದ ಭಾಗಿಸಿ: ಸುಮಾರು 220 ಗ್ರಾಂ ಯೂರಿಯಾ. ಶಿಲಾರಂಜಕ ನೂರಕ್ಕೆ 20 ಇದ್ದರೆ 200 ಗ್ರಾಂ, ಪೊಟ್ಯಾಷ್ ಗೊಬ್ಬರವಾದ ಎಂಒಪಿ ನೂರಕ್ಕೆ 60, ಹಾಗಾಗಿ ಸುಮಾರು 235 ಗ್ರಾಂ. ಎಂಟನೇ ತರಗತಿಯ ಮಗು ಈ ಭಾಗಾಕಾರ ಮಾಡಿ ಮನೆಯ 300 ಮರಕ್ಕೆ ಎಷ್ಟು ಚೀಲ ಎಂದು ಹೇಳಿದರೆ, ಅಪ್ಪ ಅಂಗಡಿಯವರ ಬಾಯಿಮಾತಿನ ಮೇಲೆ ಗೊಬ್ಬರ ತರುವುದು ಅಲ್ಲಿಗೆ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲ ವರ್ಷ ಕೂಟ ಇದೊಂದನ್ನು ಮಾಡಿದರೂ ಸಾಕು.

ಗದ್ದೆಯ 8 ಗುಂಟೆಗೆ ಇನ್ನೊಂದು ಕೆಲಸ: ಬಿತ್ತನೆಗೆ ಮುಂಚೆ ಮೊಳಕೆ ಪರೀಕ್ಷೆ. ಪ್ರತಿ ಮಗು ಮನೆಯ ಬೀಜಭತ್ತದಿಂದ ಆರಿಸದೆ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತಿ, ತೇವ ಆರದಂತೆ ನೋಡಿಕೊಂಡು 8ನೇ ದಿನ ಬೇರು, ಮೊಳಕೆ ಎರಡೂ ಸರಿ ಬಂದವನ್ನು ಎಣಿಸಲಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ 80 ಇರಬೇಕು. ಒಳ್ಳೆಯ ಕಾಳನ್ನೇ ಆರಿಸಿಕೊಂಡು ಎಣಿಸುವುದು ಮಕ್ಕಳು ಮಾಡುವ ಸಹಜ ತಪ್ಪು, ಮೊದಲೇ ಹೇಳಿಬಿಡಿ.

ರೋಹಿಣಿಮಳೆ ಉತ್ತರಿಸಿದ್ದು:

ಮಳೆಗಾಲದಲ್ಲಿ ಮಕ್ಕಳ ಕೈಗೆ ಏನು ಕೊಡಬೇಕು ಎಂಬುದಕ್ಕೆ ನನ್ನ ಉತ್ತರ ಮಳೆ ಅಳೆಯುವುದು. ಖರ್ಚಿಲ್ಲ, ದಿನಾ ಐದು ನಿಮಿಷ, ಮತ್ತು ಕೊಳೆ ಔಷಧಿಯ ನಿರ್ಧಾರಕ್ಕೆ ನೇರವಾಗಿ ಬರುತ್ತದೆ.

ಅಂಗಡಿಯ ಸಣ್ಣ ಗಾಜಿನ ಅಳತೆಗೊಳವೆ ನಮ್ಮ ಕಡೆ ಸಾಲುವುದಿಲ್ಲ. ಹುಲಿಕಲ್, ಆಗುಂಬೆ ಕಡೆ ಒಂದೇ ದಿನ 200 ಮಿ.ಮೀ. ದಾಟುವುದುಂಟು, ಕೊಳವೆ ತುಂಬಿ ಹರಿದರೆ ಆ ದಿನದ ಲೆಕ್ಕವೇ ಹೋಯಿತು. ಬಾಯಿಯ ಅಗಲ 20 ಸೆಂ.ಮೀ. ಇರುವ ಆಲಿಕೆಯನ್ನು 10 ಲೀಟರ್ ಕ್ಯಾನಿನ ಮೇಲೆ ಗಟ್ಟಿಯಾಗಿ ಕೂರಿಸಿ. ಆಲಿಕೆಯ ಬಾಯಿ 314 ಚದರ ಸೆಂ.ಮೀ., ಅಂದರೆ 31.4 ಮಿಲಿ ನೀರು ಸೇರಿದರೆ 1 ಮಿ.ಮೀ. ಮಳೆ. ದಿನಾ ಬೆಳಿಗ್ಗೆ 8:30ಕ್ಕೆ ನೀರನ್ನು ಅಳತೆ ಪಾತ್ರೆಗೆ ಸುರಿದು, ಮಿಲಿಯನ್ನು 31.4ರಿಂದ ಭಾಗಿಸಿ ಬರೆಯಿರಿ. ಈ ಕ್ಯಾನು 300 ಮಿ.ಮೀ.ಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆಲಿಕೆಯ ಅಂಚು ಸಮಮಟ್ಟದಲ್ಲಿರಬೇಕು. ಮರ, ಮಾಡಿನಿಂದ ಅವುಗಳ ಎತ್ತರದ ಎರಡರಷ್ಟು ದೂರ ಬೇಕು, ಅಡಿಕೆ ಸೋಗೆಯ ಹನಿ ಬಿದ್ದರೆ ಅಳತೆ ಕೆಟ್ಟಂತೆ. ಆಲಿಕೆಯ ತೂತಿಗೆ ಜರಡಿ ಬಟ್ಟೆ ಕಟ್ಟಿ, ಎಲೆ ಸಿಕ್ಕಿಕೊಳ್ಳುವುದು ಇಲ್ಲಿಯ ಮುಖ್ಯ ತೊಂದರೆ. ಭಾನುವಾರದ ಪಾಳಿಗೆ ಹತ್ತಿರದ ಮನೆಯ ಮಗುವನ್ನೇ ಹಾಕಿ.

ನಿಮ್ಮ 20 ಗುಂಟೆ ಸುಮಾರು 2,023 ಚದರ ಮೀಟರ್. 100 ಮಿ.ಮೀ. ಬಿದ್ದ ದಿನ ಅದರ ಮೇಲೆ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಬಸಿಗಾಲುವೆಯ ಹೂಳು ಯಾಕೆ ಮೇ ತಿಂಗಳಲ್ಲೇ ತೆಗೆಯಬೇಕು ಎಂದು ಮಕ್ಕಳಿಗೆ ಬೇರೆ ಪಾಠ ಬೇಡ. ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ವಿಮೆಯ ಲೆಕ್ಕ ಗ್ರಾಮ ಪಂಚಾಯಿತಿಯ ಮಳೆಮಾಪಕದ ಮೇಲೆ ನಿಂತಿದೆ. ಮಕ್ಕಳ ಪುಸ್ತಕ ವಿಮೆಗೆ ದಾಖಲೆಯಾಗದು. ಆದರೆ ನಿಮ್ಮಲ್ಲಿ 90 ಮಿ.ಮೀ. ಬಿದ್ದ ದಿನ ಆ ಯಂತ್ರ ಸೊನ್ನೆ ತೋರಿಸಿದ್ದರೆ ಅದು ಕೆಟ್ಟಿದೆ ಎಂದು ಆ ವಾರವೇ ಬರೆದುಕೊಡಬಹುದು.

ಇನ್ನು ಬೋರ್ಡೋ. ಮಕ್ಕಳಿಗೆ ಸಿಂಪಡಣೆ ಬೇಡವೇ ಬೇಡ. ತಯಾರಿಕೆಯನ್ನು ಒಂದು ಲೀಟರಿನ ಪ್ರಮಾಣದಲ್ಲಿ ತೋರಿಸಿ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅಂದರೆ ಒಂದು ಲೀಟರಿಗೆ 10 ಗ್ರಾಂ, 10 ಗ್ರಾಂ. ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ. ಕಬ್ಬಿಣ, ತಗಡಿನ ಪಾತ್ರೆ ಬೇಡ, ತಾಮ್ರ ಅದಕ್ಕೆ ಹತ್ತಿಕೊಂಡು ದ್ರಾವಣದ ಬಲ ಹೋಗುತ್ತದೆ. ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಕಲಸಿ ಸೋಸಿ. ಆಮೇಲೆ ಸುಣ್ಣದ ತಿಳಿಯನ್ನು ಮೈಲುತುತ್ತಕ್ಕೆ ಸುರಿದು ಮರದ ಕೋಲಿನಿಂದ ಕಲಕಿ. ತಿಳಿನೀಲಿ ಬಣ್ಣ ಬರಬೇಕು.

ಪರೀಕ್ಷೆಗೆ ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಅದನ್ನೇ ಹೊಡೆದರೆ ಎಳೆಗಾಯಿ, ಸಿಂಗಾರ (ಹೂಗೊಂಚಲು) ಸುಡುತ್ತದೆ. ಮಕ್ಕಳ ಮುಂದೆ ಬೇಕೆಂದೇ ಒಂದು ಪಾತ್ರೆಯಲ್ಲಿ 10 ಗ್ರಾಂ ಮೈಲುತುತ್ತಕ್ಕೆ 1 ಗ್ರಾಂ ಸುಣ್ಣ ಮಾತ್ರ ಹಾಕಿ ಮಾಡಿ, ಎರಡು ಚೂರಿಗಳನ್ನು ಪಕ್ಕಪಕ್ಕ ಇಡಿ. ಆ ವ್ಯತ್ಯಾಸ ಅವರು ಮರೆಯುವುದಿಲ್ಲ.

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ರೋಹಿಣಿ ಮಳೆಯ ಬಿಡುವಿನಲ್ಲಿ. ಎರಡನೆಯದು 40ರಿಂದ 45 ದಿನಕ್ಕೆ, ಅಂದರೆ ಪುನರ್ವಸು ಹೊತ್ತಿಗೆ. ಮಳೆ ಮುಂದುವರಿದರೆ ಮೂರನೆಯದು. ಈ ಮೂರನೆಯದು ಬೇಕೋ ಬೇಡವೋ ಎಂಬಲ್ಲಿ ಮಳೆ ಪುಸ್ತಕ ಮಾತಾಡುತ್ತದೆ. ಮೊದಲ ಸಿಂಪಡಣೆಯ ದಿನದಿಂದ ಎಷ್ಟು ದಿನವಾಯಿತು, ಎಷ್ಟು ಮಳೆ ಬಿತ್ತು ಎಂದು ಶಾಲೆಯ ಗೋಡೆಯಲ್ಲಿ ಬರೆದಿಟ್ಟರೆ ಊರಿನವರೇ ಬಂದು ನೋಡುತ್ತಾರೆ.

ಚಿಪ್ಪುಸುಣ್ಣ ಉತ್ತರಿಸಿದ್ದು:

ರೋಹಿಣಿಮಳೆ ಅವರೇ, ಒಂದು ತಿದ್ದುಪಡಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯುವುದಲ್ಲ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯಬೇಕು, ಇಲ್ಲವೇ ಎರಡನ್ನೂ ಒಟ್ಟಿಗೆ ಮೂರನೇ ಪಾತ್ರೆಗೆ ಬಿಡಬೇಕು. ತಿರುಗಾ ಮುರುಗಾ ಮಾಡಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ, ಕಾಯಿಗೂ ಸರಿಯಾಗಿ ಅಂಟುವುದಿಲ್ಲ. ಎರಡೂ ದ್ರಾವಣ ತಣ್ಣಗಿರಬೇಕು. ಅರಳಿಸಿದ ಸುಣ್ಣ ಬಿಸಿಯಿರುವಾಗಲೇ ಬೆರೆಸಿದರೂ ಇದೇ ಗತಿ.

ಸುಣ್ಣದ ಗುಣವನ್ನೂ ಹೇಳಬೇಕು. ಹಳೆಯ ಪ್ಯಾಕೆಟ್ ಪುಡಿ ಗಾಳಿ ಎಳೆದುಕೊಂಡು ಸತ್ತಿರುತ್ತದೆ. 1 ಕೆಜಿ ತೂಗಿ ಹಾಕಿದರೂ ಚೂರಿ ಕೆಂಪಾಗುವುದು ಅದಕ್ಕೇ. ಹೊಸದಾಗಿ ಸುಟ್ಟ ಚಿಪ್ಪುಸುಣ್ಣ ಅಥವಾ ಕಲ್ಲುಸುಣ್ಣ ಒಳ್ಳೆಯದು. ಅರಳಿಸುವ ಕೆಲಸ ದೊಡ್ಡವರದು: ಸುಣ್ಣಕ್ಕೆ ನೀರನ್ನು ಸ್ವಲ್ಪಸ್ವಲ್ಪ ಚಿಮುಕಿಸಬೇಕು, ಕನ್ನಡಕ, ಕೈಗವಸು ಬೇಕು, ಮಕ್ಕಳು ಹತ್ತು ಅಡಿ ದೂರ. ಕುದಿಯುವ ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮಾಡಿದ ದ್ರಾವಣ ಅದೇ ದಿನ ಮುಗಿಸಬೇಕು, ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಬೇಡಿ. ತಾಮ್ರ ಮೀನಿಗೆ ವಿಷ.

ರೋಹಿಣಿಮಳೆ ಉತ್ತರಿಸಿದ್ದು:

ಸರಿ, ಸುರಿಯುವ ಕ್ರಮ ನೀವು ಹೇಳಿದ್ದೇ ಸರಿ. ಸೊಪ್ಪಿನಬೆಟ್ಟ ಅವರು ಹಾಗೇ ಬರೆದುಕೊಳ್ಳಲಿ.

ಹಿನ್ನೀರು_ಸಾಗರ ಉತ್ತರಿಸಿದ್ದು:

ಕೂಟದ ರಚನೆಯ ಬಗ್ಗೆ ಒಂದು ಮಾತು. ಮಕ್ಕಳ ಮೂಲಕ ಕೃಷಿ ವಿಸ್ತರಣೆ ಎನ್ನುವುದು ಅಮೆರಿಕದ ಹಳ್ಳಿಗಾಡಿನ ಕೌಂಟಿಗಳಲ್ಲಿ ನೂರು ವರ್ಷಕ್ಕೂ ಹಳೆಯ ಪದ್ಧತಿ. 1902ರಲ್ಲಿ ಒಹಾಯೊದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಮಕ್ಕಳ ಕೂಟ ಕಟ್ಟಿದರು. ಮಣ್ಣು ಪರೀಕ್ಷೆ, ಮೆಕ್ಕೆಜೋಳದ ಬೀಜದ ಆಯ್ಕೆಯಂಥ ಕೆಲಸಗಳೇ ಅಲ್ಲಿದ್ದವು. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಕೇಂದ್ರ, ರಾಜ್ಯ, ಕೌಂಟಿ ಮೂರೂ ಸೇರಿ ಹಣ ಹಾಕುವ ವಿಸ್ತರಣಾ ವ್ಯವಸ್ಥೆ ಬಂತು, ಮಕ್ಕಳ ಕೂಟಗಳು ಫೋರ್-ಎಚ್ ಎಂಬ ಹೆಸರಿನಲ್ಲಿ ಅದರ ಭಾಗವಾದವು. ಅಲ್ಲಿ ವಿಸ್ತರಣೆಯ ಬೇರು ಕೃಷಿ ವಿಶ್ವವಿದ್ಯಾಲಯದಲ್ಲಿದೆ, ನಮ್ಮಲ್ಲಿ ಅದರ ಹೆಚ್ಚಿನ ಪಾಲು ಇಲಾಖೆಗಳಲ್ಲಿದೆ. 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಯ ಗ್ರಾಮಸೇವಕರಿಂದ ಬಂದ ದಾರಿ ಇದು.

ಅವರ ಪದ್ಧತಿಯಲ್ಲಿ ನಮಗೆ ಬೇಕಾದದ್ದು ಒಂದೇ: ಪ್ರತಿ ಮಗುವಿಗೂ ತನ್ನದೇ ಒಂದು ಕೆಲಸ, ಅದಕ್ಕೆ ತನ್ನದೇ ಒಂದು ದಾಖಲೆ ಪುಸ್ತಕ. 26 ಜನ ಸೇರಿ ಒಂದು ತೋಟ ಮಾಡಿದರೆ ನಾಲ್ಕು ಜನ ಕೆಲಸ ಮಾಡುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಒಬ್ಬೊಬ್ಬರಿಗೆ ಒಂದು ಮಡಿ, ಹತ್ತು ಮೆಣಸಿನ ಕೊಟ್ಟೆ (ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟ ಬಳ್ಳಿ), ಅಥವಾ ಮನೆಯ ತೋಟದ ಹತ್ತು ಮರ ಎಂದು ಹಂಚಿ.

ಪುಸ್ತಕದಲ್ಲಿ ಆರು ಅಂಕಣ ಸಾಕು: ದಿನಾಂಕ, ಮಾಡಿದ ಕೆಲಸ, ಹಿಡಿದ ಗಂಟೆ, ಬಳಸಿದ ವಸ್ತು ಮತ್ತು ಪ್ರಮಾಣ, ಖರ್ಚು, ಕಂಡದ್ದು. "ಕಂಡದ್ದು" ಅಂಕಣದಲ್ಲಿ "ಗಿಡ ಚೆನ್ನಾಗಿದೆ" ಎಂದು ಬರೆಯಲು ಬಿಡಬೇಡಿ. "10 ಕೊಟ್ಟೆಯಲ್ಲಿ 7 ಚಿಗುರಿದೆ, 2 ಬುಡ ಕಪ್ಪಾಗಿದೆ, 1 ಒಣಗಿದೆ" ಎಂದು ಎಣಿಕೆ ಇರಬೇಕು. ಸತ್ತ ಗಿಡವನ್ನೂ ಬರೆದ ಮಗುವಿಗೆ ಮೆಚ್ಚುಗೆ ಸಿಗಬೇಕು, ಇಲ್ಲದಿದ್ದರೆ ಎರಡೇ ವಾರದಲ್ಲಿ ಎಲ್ಲರ ಪುಸ್ತಕದಲ್ಲೂ ಹತ್ತಕ್ಕೆ ಹತ್ತು ಚಿಗುರಿರುತ್ತದೆ.

ಎಲೆಚುಕ್ಕೆ ನಿಮ್ಮ ತಾಲೂಕಿನ ದೊಡ್ಡ ಸಂಕಟ, ಅದಕ್ಕೆ ಈ ಎಣಿಕೆ ನಿಜಕ್ಕೂ ಉಪಯೋಗ. ಪ್ರತಿ ಮಗು ಮನೆಯ ತೋಟದಲ್ಲಿ 10 ಮರಕ್ಕೆ ಬಣ್ಣದ ಗುರುತು ಹಾಕಿ, 15 ದಿನಕ್ಕೊಮ್ಮೆ ಒಟ್ಟು ಎಷ್ಟು ಸೋಗೆ, ಅದರಲ್ಲಿ ಎಷ್ಟಕ್ಕೆ ಚುಕ್ಕೆ, ಕೆಳಗಿನಿಂದ ಎಷ್ಟನೆಯದರವರೆಗೆ ಏರಿದೆ ಎಂದು ಬರೆಯಲಿ. ಪ್ರತಿ ಸಲವೂ ಅದೇ ಮರಗಳು. ತೋಟಗಾರಿಕೆ ಅಧಿಕಾರಿಯ ಮುಂದೆ "ರೋಗ ಜಾಸ್ತಿ ಸರ್" ಅನ್ನುವುದಕ್ಕಿಂತ 17 ತೋಟದ ಈ ಪಟ್ಟಿ ಇಟ್ಟರೆ ಮಾತುಕತೆಯೇ ಬೇರೆ. ಉದುರಿದ ಚುಕ್ಕೆ ಸೋಗೆಯನ್ನು ತೋಟದಲ್ಲೇ ಮುಚ್ಚಿಗೆಗೆ ಹಾಕಬೇಡಿ, ಹೊರಗೆ ತೆಗೆದು ಸುಡಿ, ಶಿಲೀಂಧ್ರ ಅದರಲ್ಲೇ ಉಳಿಯುತ್ತದೆ.

ಜೇನುಗೂಡು ಉತ್ತರಿಸಿದ್ದು:

ಜೂನ್‌ನಲ್ಲಿ ಜೇನುಪೆಟ್ಟಿಗೆ ಇಡುವುದು ಬೇಡ. ಜಡಿಮಳೆಯಲ್ಲಿ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಹೊರಗೆ ಹೋಗಲಾಗದೆ, ಹೂವೂ ಇಲ್ಲದೆ ಹಸಿವಿನಲ್ಲಿರುತ್ತದೆ. ಸಕ್ಕರೆ, ನೀರು ಸಮಸಮ ಬೆರೆಸಿದ ಪಾಕ ಕೊಡುತ್ತಾ ಕುಟುಂಬ ಉಳಿಸಿಕೊಳ್ಳುವುದು ಅನುಭವ ಇದ್ದವರಿಗೇ ಕಷ್ಟ. ಬಲ ಕಡಿಮೆಯಾದ ಗೂಡಿಗೆ ಮೇಣದ ಪತಂಗ ಬಿದ್ದು ಎರಿ ತಿಂದು, ಜೇನುಹುಳು ಗೂಡು ಬಿಟ್ಟು ಹಾರಿಹೋಗುತ್ತದೆ. ಮಳೆ ಬಿಟ್ಟ ಮೇಲೆ ತರಬೇತಿ ಪಡೆದ ಇಬ್ಬರು ದೊಡ್ಡವರ ಹೊಣೆಯಲ್ಲಿ ಇಡಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕಡ್ಡಾಯ, ಇಲ್ಲದಿದ್ದರೆ ಇರುವೆ ಬಿಡುವುದಿಲ್ಲ.

ನಿಮ್ಮ 9 ಜನ ಯುವಕರಿಗೆ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲು) ಅಡಿಕೆ ಕೊನೆ (ಗೊನೆ) ತೆಗೆಯುವ, ಔಷಧಿ ಹೊಡೆಯುವ ತರಬೇತಿ ಕೇಳಿ. ಕೊನೆಗಾರರು ಸಿಗದ ಈ ಕಾಲದಲ್ಲಿ ಅದರಿಂದ ಸಂಪಾದನೆಯೂ ಇದೆ. ಆದರೆ ಒಂದು ಎಚ್ಚರಿಕೆ ಪ್ರತಿ ದಿನ ಹೇಳಬೇಕು: ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಫೈಬರ್ ಎಂಬ ಹೆಸರು ಕೇಳಿ ಪ್ಲಾಸ್ಟಿಕ್ಕಿನಂತೆ ಎಂದುಕೊಳ್ಳುತ್ತಾರೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ದೋಟಿ ಪೂರ್ತಿ ಚಾಚಿದ ಉದ್ದಕ್ಕಿಂತ ಹೆಚ್ಚು ದೂರ ಇರಬೇಕು. ಆ ಸಾಲಿನ ಮರಗಳಿಗೆ ಮೆಸ್ಕಾಂನವರಿಗೆ (ವಿದ್ಯುತ್ ಕಂಪನಿ) ಹೇಳಿ ಲೈನಿನ ಕರೆಂಟ್ ತೆಗೆಸಿಕೊಂಡೇ ಕೆಲಸ.

ಇನ್ನೊಂದು. ಡಿಸೆಂಬರಿನಿಂದ ಮೇವರೆಗೆ ಮಕ್ಕಳನ್ನು ದರಗು ಗುಡಿಸಲು, ಸೊಪ್ಪು ತರಲು ಕಾಡಿಗೆ ಕರೆದೊಯ್ಯಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ, ಉಣುಗು ಕಚ್ಚುವುದರಿಂದ ಹರಡುತ್ತದೆ. ಮಣ್ಣಿನ ಮಾದರಿಗೆ ಕಾಡಂಚಿನ ತೋಟಕ್ಕೆ ಈಗ ಹೋಗಲೇಬೇಕಾದರೆ ದೊಡ್ಡವರೇ ಹೋಗಲಿ. ಉದ್ದತೋಳು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗಿನ ಎಣ್ಣೆ, ಮರಳಿದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಒಗೆತ. ನೆಲದ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಸೊಪ್ಪಿನಬೆಟ್ಟ ಬರೆದದ್ದು:

ಎಲ್ಲರಿಗೂ ತುಂಬು ಧನ್ಯವಾದ. ತರಕಾರಿ ಅಕ್ಟೋಬರಿಗೆ, ಜೇನು ಮಳೆ ಬಿಟ್ಟ ಮೇಲೆ ಎಂದು ಸಂಘದಲ್ಲಿ ಬದಲಾಯಿಸಿಕೊಂಡೆವು. ಈ ಶನಿವಾರದಿಂದ ಮಣ್ಣು ತೆಗೆಯುತ್ತೇವೆ. ಕಾಡಂಚಿನ ನಾಲ್ಕು ತೋಟಕ್ಕೆ ಮಕ್ಕಳನ್ನು ಕಳಿಸುವುದಿಲ್ಲ. ಒಂದು ಪ್ರಶ್ನೆ ಉಳಿದಿದೆ: ಮೆಣಸಿನ ಕೊಟ್ಟೆ ಈಗ ಮಾಡಬಹುದೇ? ಹಬ್ಬುಬಳ್ಳಿ (ಬುಡದಿಂದ ನೆಲದಲ್ಲಿ ಹರಿಯುವ ಬಳ್ಳಿ) ಕೊಡಲು ಇಬ್ಬರು ಒಪ್ಪಿದ್ದಾರೆ.

ಕೆಮ್ಮಣ್ಣು ಉತ್ತರಿಸಿದ್ದು:

ತಡವಾಗಿದೆ. ಹಬ್ಬುಬಳ್ಳಿ ಕತ್ತರಿಸುವ ಸರಿಯಾದ ಕಾಲ ಫೆಬ್ರವರಿ, ಮಾರ್ಚ್. ಈಗ ಹಾಕಿದರೆ ಬಿಸಿಲಿಗೆ ಒಣಗುವುದು ಒಂದಷ್ಟು, ಬೇರು ಬಲಿಯುವ ಮುಂಚೆ ಜಡಿಮಳೆ ಸಿಕ್ಕಿ ಕೊಳೆಯುವುದು ಒಂದಷ್ಟು. ಅಭ್ಯಾಸಕ್ಕೆಂದು 50 ಕೊಟ್ಟೆ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ವಾರ ಎರಡು ವಾರ ತೇವದಲ್ಲಿ ಮುಚ್ಚಿಡಿ. ಬಳ್ಳಿಯ ತುದಿಯ ಎಳೆ ಭಾಗ, ಬುಡದ ಬಲಿತ ಭಾಗ ಬಿಟ್ಟು ನಡುವಿನದರಲ್ಲಿ ಎರಡು ಮೂರು ಗಣ್ಣಿನ ತುಂಡು ಮಾಡಿ, ಎಲೆ ತೆಗೆದು (ತೊಟ್ಟು ಸ್ವಲ್ಪ ಉಳಿಯಲಿ), ಕನಿಷ್ಠ ಒಂದು ಗಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಕೊಟ್ಟೆಯ ತಳದಲ್ಲಿ ತೂತು ಮರೆಯಬೇಡಿ. ದಟ್ಟ ನೆರಳು, ದಿನಾ ಎರಡು ಮೂರು ಸಲ ನೀರು ಚಿಮುಕಿಸುವುದು, ಆದರೆ ಕೊಟ್ಟೆಯಲ್ಲಿ ನೀರು ನಿಲ್ಲಬಾರದು. ಜೂನ್ ಬಂದ ಮೇಲೆ ಮೇಲೆ ಪ್ಲಾಸ್ಟಿಕ್ ಮಾಡು ಬೇಕೇಬೇಕು.

ಮುಂದಿನ ವರ್ಷದ ದೊಡ್ಡ ನರ್ಸರಿಗೆ ಈ ಅಕ್ಟೋಬರ್, ನವೆಂಬರಿನಲ್ಲೇ ಕೆಲಸ ಇದೆ. ಗೆರೆ (ಮೆಣಸಿನ ತೆನೆ) ತುಂಬ ಕಾಳು ಹಿಡಿದ, ಸೊರಗು ರೋಗ ಇಲ್ಲದ ತಾಯಿಬಳ್ಳಿಗಳಿಗೆ ಮಕ್ಕಳು ಬಣ್ಣದ ಪಟ್ಟಿ ಕಟ್ಟಲಿ. ಕಾಳು ಕೊಯ್ದ ಮೇಲೆ ಯಾವುದು ಒಳ್ಳೆಯ ಬಳ್ಳಿ ಎಂದು ಗುರುತು ಸಿಗುವುದಿಲ್ಲ. ಆ ಬಳ್ಳಿಗಳ ಬುಡದ ಹಬ್ಬುಗಳು ನೆಲ ಮುಟ್ಟಿ ಬೇರು ಬಿಡದಂತೆ ಪಕ್ಕದಲ್ಲಿ ಒಂದು ಗೂಟ ನೆಟ್ಟು ಅದಕ್ಕೆ ಸುತ್ತಿಡಿ. ಫೆಬ್ರವರಿಯಲ್ಲಿ ಅಲ್ಲಿಂದಲೇ ಕತ್ತರಿಸಿಕೊಳ್ಳಬಹುದು.